ಸೀಟಿ ಮೇಷ್ಟ್ರ ಅಸಲಿ ಗುಳಿಗೆ

ಸೀಟಿ ಮೇಷ್ಟ್ರ ಬಾಯಿಗೆ ಬಾರದ ಮಾತು ಒಂದೇ ಒಂದು: ಗೊತ್ತಿಲ್ಲ. ಶಾಲೆಯ ಮೈದಾನದಲ್ಲಿ ಹುಡುಗರನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ನಿವೃತ್ತರಾದ ಈ ಡ್ರಿಲ್ ಮೇಷ್ಟ್ರು, ಆಮೇಲೆ ಇಡೀ ಬೀದಿಯನ್ನು ತಿರುಗಿಸಲು ಹೊರಟರು. ಯಾರಾದರೂ ದಾರಿ ಕೇಳಿದರೆ ಸಾಕು, ತಾವು ಕಾಲಿಡದ ಬಡಾವಣೆಗೂ ಕೈ ತೋರಿಸಿ ಕಳಿಸಿಬಿಡುತ್ತಿದ್ದರು. ಹಾಗೆ ಹೋದವನೊಬ್ಬ ಸಂಜೆ ಬೆವರಿಳಿಸುತ್ತ ವಾಪಸು ಬಂದು ಜಗಳಕ್ಕೆ ನಿಂತಾಗ, "ನಾನು ಹೇಳಿದ್ದು ಸರಿಯಾಗೇ ಇತ್ತು, ನೀನು ನಡೆದದ್ದೇ ತಪ್ಪು" ಎಂದು ಅವನನ್ನೇ ಗದರಿಸಿದ್ದರು.

ಕೊರಳಲ್ಲಿ ಹಳೆಯ ಸೀಟಿ ಇನ್ನೂ ನೇತಾಡುತ್ತಿತ್ತು. ಚಹಾ ಬೇಕೆನಿಸಿದರೆ ಅದನ್ನು ಊದುತ್ತಿದ್ದರು. ಹೆಂಡತಿ ಆ ಸೀಟಿಗೆ ಕಿವಿಗೊಡುವುದನ್ನು ಬಿಟ್ಟು ಯಾವ ಕಾಲವಾಯಿತೋ. ಚಹಾ ಮಾತ್ರ ಅದರ ಹೊತ್ತಿಗೆ ಅದು ಬರುತ್ತಿತ್ತು. ಅದು ತಮ್ಮ ಸೀಟಿಯ ಪ್ರತಾಪ ಎಂದೇ ಮೇಷ್ಟ್ರು ನಂಬಿದ್ದರು. ಆಕೆಯೂ ತಿದ್ದಲು ಹೋಗಲಿಲ್ಲ. ತಿದ್ದಲು ಹೊರಟರೆ ಒಂದು ಜನ್ಮ ಸಾಲದಷ್ಟು ತಪ್ಪುಗಳು ಆ ಮನುಷ್ಯನಲ್ಲಿದ್ದವು.

ಇಂಥವರ ಬಲಗೈ ನಡುಗತೊಡಗಿತು. ಅವರ ಅಪ್ಪನ ಕೈಯೂ ಕೊನೆಗಾಲದಲ್ಲಿ ಹೀಗೇ ನಡುಗುತ್ತಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೇಷ್ಟ್ರ ತಮ್ಮನಿಗೂ ಶುರುವಾಯಿತು. ಮೇಷ್ಟ್ರ ಕೈ ನಡುಗಿದರೆ ಹೆಚ್ಚೆಂದರೆ ಓದುವ ಪತ್ರಿಕೆ ಅಲುಗಾಡೀತು. ತಮ್ಮನ ಮಾತು ಬೇರೆ. ಅವನು ಕನ್ನಡಕದ ಅಂಗಡಿಯವನು. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಫ್ರೇಮಿಗೆ ಕೂರಿಸುವುದೇ ಅವನ ಅನ್ನ. ಕೈ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಅವನಿಗೆ ಬೇರೆ ಲೋಕವಿಲ್ಲ. ಅತ್ತಿಗೆಗೆ ಈ ಮೈದುನನೆಂದರೆ ಒಂದು ಬಗೆಯ ಮರುಕ. ಸಣ್ಣವನಿದ್ದಾಗಿನಿಂದಲೂ ಅಣ್ಣನ ಮಾತನ್ನು ಎರಡು ಸಲ ಯೋಚಿಸದೆ ನಂಬುತ್ತಿದ್ದ ಪ್ರಾಣಿ ಅದು.

ದೊಡ್ಡ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಈ ಕಾಯಿಲೆಗೆ ಹೊಸ ಔಷಧವೊಂದರ ಪ್ರಯೋಗ ನಡೆದಿದೆ ಎಂದು ತಿಳಿದು ಇಬ್ಬರೂ ಹೆಸರು ಕೊಟ್ಟರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬಿಡಿಸಿ ಹೇಳುವ ತಾಳ್ಮೆಯವಳು. ಇದು ರಕ್ತದಲ್ಲೇ ಬರುವ ಕಾಯಿಲೆ, ಅಪ್ಪನಿಂದ ಬಂದ ವಂಶವಾಹಿಯೊಂದರಲ್ಲಿ ದೋಷವಿದೆ ಎಂದಳು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕಂಪ್ಯೂಟರು ಚೀಟಿ ಎತ್ತುತ್ತದೆ.

"ನನಗೆ ಯಾವುದು ಕೊಡ್ತೀರಿ?" ಎಂದು ಮೇಷ್ಟ್ರು ಕೇಳಿದರು.

"ನನಗೂ ಗೊತ್ತಿಲ್ಲ ಸಾರ್. ಗೊತ್ತಿರಬಾರದು. ಗೊತ್ತಿದ್ರೆ ಪ್ರಯೋಗವೇ ಕೆಡುತ್ತೆ."

ಹೊರಗೆ ಬಂದ ಮೇಲೆ ಮೇಷ್ಟ್ರು ಮೂಗು ಮುರಿದರು. "ಡಾಕ್ಟರಂತೆ ಡಾಕ್ಟರು. ಗೊತ್ತಿಲ್ಲ ಅಂತ ನಾಚಿಕೆ ಇಲ್ದೆ ಹೇಳ್ತಾಳೆ ನೋಡು." ಹೆಂಡತಿಗೆ ಮಾತ್ರ ಆ ಹುಡುಗಿ ಅದೇ ಮಾತಿಗೆ ಹಿಡಿಸಿದ್ದಳು. ಆ ಮಾತನ್ನು ಯಾರ ಬಾಯಿಂದಲೂ ಕೇಳಿ ಆಕೆಗೆ ಬಹಳ ದಿನವಾಗಿತ್ತು.

ಔಷಧದಿಂದ ಕೆಲವರಿಗೆ ಬಾಯಿ ಕಹಿಯಾದೀತು ಎಂದು ಡಾಕ್ಟರಮ್ಮ ಎಚ್ಚರಿಸಿದ್ದಳು. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಮೊದಲ ಗುಳಿಗೆ ಗಂಟಲಿಳಿಯುವ ಮುಂಚೆಯೇ ಅವರ ಬಾಯಿ ಕಹಿಯಾಯಿತು. "ನಂದು ಅಸಲಿ!" ಎಂದು ಸೀಟಿ ಊದಿದರು. ಆ ಬಾಯಿ ಮದುವೆಯಾದ ದಿನದಿಂದಲೂ ಕಹಿಯಾಗಿಯೇ ಇದ್ದದ್ದನ್ನು ಬಲ್ಲ ಹೆಂಡತಿ ಸುಮ್ಮನೆ ಒಳಗೆ ಹೋದಳು. ಪಾಪದ ತಮ್ಮನ ಬಾಯಿ ಕಹಿಯಾಗಲಿಲ್ಲ. ಹಾಗಾಗಿ ಅವನದು ಔಷಧವಿಲ್ಲದ ಬರೀ ಸಕ್ಕರೆ ಗುಳಿಗೆ ಎಂದು ಮೇಷ್ಟ್ರು ಅಂದೇ ತೀರ್ಪು ಕೊಟ್ಟುಬಿಟ್ಟರು.

ಅಲ್ಲಿಂದ ಮುಂದೆ ಮೇಷ್ಟ್ರು ವಿಜ್ಞಾನಿಯಾದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪರಮಾಣುವಿನ ಕಣಗಳನ್ನು ಗರಗರ ಸುತ್ತಿಸಿ ಗುರಿಗೆ ಬಡಿಯುವ ಯಂತ್ರವಿತ್ತು. ಅದರಲ್ಲಿ ತಯಾರಾದದ್ದನ್ನು ನರಕ್ಕೆ ಚುಚ್ಚಿ ಮಿದುಳಿನ ಚಿತ್ರ ತೆಗೆಯುತ್ತಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದ ಭೌತವಿಜ್ಞಾನಿಗೆ ಮೇಷ್ಟ್ರು ಪಾಠ ಮಾಡಿದರು: "ನಾನೂ ಹುಡುಗರನ್ನ ಮೈದಾನದಲ್ಲಿ ಹಿಂಗೇ ಸುತ್ತಿಸ್ತಿದ್ದೆ. ಮೂಲೆಯಲ್ಲಿ ತಿರುಗುವಾಗ ಹುಷಾರಾಗಿರಬೇಕು ನೋಡಿ." ಅವನು ಮರ್ಯಾದೆಗೆ ನಕ್ಕ. ನಕ್ಕದ್ದೇ ತಪ್ಪಾಯಿತು. ಮುಂದಿನ ಸಲದಿಂದ ಮೇಷ್ಟ್ರ ದನಿ ಕೇಳಿದರೆ ಅವನು ಉಕ್ಕಿನ ಬಾಗಿಲ ಹಿಂದೆ ಸರಿದುಕೊಳ್ಳುತ್ತಿದ್ದ. ಇತ್ತ ಬೀದಿಯಲ್ಲಿ, ತಮ್ಮ ಮಿದುಳಿನೊಳಗೆ ಕಣ ಬಿಟ್ಟಿದ್ದಾರೆಂದೂ ಅವು ಹೊರಬರಲು ಒಪ್ಪುತ್ತಿಲ್ಲವೆಂದೂ ಮೇಷ್ಟ್ರು ಬೊಗಳೆ ಬಿಡುತ್ತಿದ್ದರು. ಅಷ್ಟು ವಿಶಾಲವಾದ ಖಾಲಿ ಜಾಗ ಸಿಕ್ಕರೆ ಯಾವ ಕಣ ತಾನೇ ಹೊರಬಂದೀತು ಎಂದು ಹೆಂಡತಿ ಮನಸ್ಸಿನಲ್ಲೇ ಅಂದುಕೊಂಡಳು.

ಕೈ ಎಷ್ಟು ಹಿಡಿತದಲ್ಲಿದೆ ಎಂದು ನೋಡಲು ಆಗಾಗ ಪರೀಕ್ಷೆಯಿತ್ತು. ತೂತಿನ ಹಲಗೆಯಲ್ಲಿ ಒಂದೊಂದೇ ಗೂಟ ಸಿಕ್ಕಿಸಬೇಕು. ಪರೀಕ್ಷೆ ಎಂದ ಮೇಲೆ ಮೇಷ್ಟ್ರು ಸೋಲುವುದುಂಟೇ? ಮನೆಯಲ್ಲಿ ತರಕಾರಿ ತೊಳೆಯುವ ತೂತಿನ ಬುಟ್ಟಿ ಮಾಯವಾಯಿತು. ಅದನ್ನು ಬೋರಲು ಹಾಕಿಕೊಂಡು, ಬೆಂಕಿಕಡ್ಡಿ ಸಿಕ್ಕಿಸುತ್ತ, ತಮಗೆ ತಾವೇ ಸೀಟಿ ಊದಿಕೊಂಡು ತಾಲೀಮು ನಡೆಸಿದರು. ಅಂಕ ಏರಿತು. ಗುಟ್ಟು ತಿಳಿದ ಡಾಕ್ಟರಮ್ಮ ತಲೆ ಹಿಡಿದುಕೊಂಡು, "ಸಾರ್, ದಮ್ಮಯ್ಯ, ಅಭ್ಯಾಸ ಮಾಡ್ಬೇಡಿ, ನಮಗೆ ನಿಮ್ಮ ಕೈ ಹೇಗಿದೆಯೋ ಹಾಗೇ ಬೇಕು" ಎಂದು ಬೇಡಿಕೊಂಡಳು. ನಡುಗುವ ಕೈಯನ್ನೇ ಬಯಸುವ ಇಂಥ ಡಾಕ್ಟರನ್ನು ತಾವು ಎಲ್ಲೂ ಕಂಡಿಲ್ಲ ಎಂದು ಮೇಷ್ಟ್ರು ಊರೆಲ್ಲ ಸಾರಿದರು.

ಒಂದು ಭಾನುವಾರ ತಮ್ಮ ಓಡೋಡಿ ಮನೆಗೆ ಬಂದ. ಮುಖ ಅರಳಿತ್ತು. "ಅಣ್ಣಾ, ಅತ್ತಿಗೆ, ಕೇಳಿ ಇಲ್ಲಿ. ನಿನ್ನೆ ಸ್ಕ್ರೂ ಒಂದೇ ಸಲಕ್ಕೆ ಕೂತ್ಕೊಳ್ತು. ಇವತ್ತೂ ಅಷ್ಟೇ. ಕೈ ನಂದೇ ಅನ್ಸುತ್ತೆ ಈಗ."

ಅತ್ತಿಗೆ ಸಂತೋಷದಿಂದ ಅವನ ಕೈ ಹಿಡಿದು ನೋಡಿದಳು. ನಡುಕ ನಿಜಕ್ಕೂ ಇಳಿದಿತ್ತು. ಮೇಷ್ಟ್ರು ಮಾತ್ರ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ಅದು ಭ್ರಮೆ ಕಣೋ. ಸಕ್ಕರೆ ತಿಂದು ಔಷಧ ತಿಂದೆ ಅಂತ ಮನಸ್ಸು ನಂಬಿಬಿಡುತ್ತೆ. ಆಮೇಲೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಬಾಯಿ ಕಹಿ ಆಯ್ತಾ ನಿಂಗೆ?"

"ಇಲ್ಲ."

"ಮತ್ತೆ? ಅಸಲಿ ತಿಂತಿರೋ ನನಗೇ ಇಷ್ಟು ನಡುಗುತ್ತೆ. ನಿಂದು ನಿಂತುಬಿಡ್ತಂತೆ!"

ತಮ್ಮನ ಮುಖ ಹುಳ್ಳಗಾಯಿತು. ಅತ್ತಿಗೆ ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಆ ಸದ್ದಿಗೆ ಅರ್ಥವಿತ್ತು, ಕೇಳುವ ಕಿವಿ ಇರಲಿಲ್ಲ. ಅಂದೇ ಬಾಯಿಬಿಟ್ಟು ಗದರಿಸಿದ್ದರೆ ಆಗುತ್ತಿತ್ತು ಎಂದು ಆಕೆ ಆಮೇಲೆ ಎಷ್ಟೋ ಸಲ ಹಲುಬಿದಳು. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಕಂಡಾಗಲೆಲ್ಲ "ಏನಪ್ಪಾ ಸಕ್ಕರೆ" ಎಂದೇ ಕರೆದರು. ತಮ್ಮ ಕೊನೆಗೊಂದು ದಿನ ಗುಳಿಗೆಯ ಸೀಸೆಗಳನ್ನು ಆಸ್ಪತ್ರೆಗೆ ಮರಳಿಸಿ, ಸಕ್ಕರೆ ತಿನ್ನಲು ಅಷ್ಟು ದೂರ ಅಲೆಯಲಾರೆ ಎಂದು ಹೇಳಿ ಬಂದ. ಕೆಲವೇ ತಿಂಗಳಲ್ಲಿ ಸ್ಕ್ರೂಗಳು ಮತ್ತೆ ಮೇಜಿನಿಂದ ಉರುಳತೊಡಗಿದವು. ಗಿರಾಕಿಗಳು ಎದುರು ಬೀದಿಯ ಅಂಗಡಿಗೆ ಹೊರಳಿದರು. ಅಂಗಡಿಯನ್ನು ಬೇರೆಯವರಿಗೆ ವಹಿಸಿಬಿಡುವ ಮಾತೂ ನಡೆಯಿತು.

ಪ್ರಯೋಗ ಮುಗಿಯಿತು. ಫಲಿತಾಂಶ ಹೇಳಲು ಕರೆದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನೂ ಹೊರಡಿಸಿಕೊಂಡು ಹೋದರು.

"ಔಷಧ ಕೆಲಸ ಮಾಡುತ್ತೆ ಸಾರ್," ಎಂದಳು ಡಾಕ್ಟರಮ್ಮ. "ತಗೊಂಡವರಲ್ಲಿ ನಡುಕ ಚೆನ್ನಾಗೇ ಕಮ್ಮಿಯಾಗಿದೆ."

"ನಾನು ಮೊದಲೇ ಹೇಳಿರಲಿಲ್ವಾ?"

"ನಿಮಗೆ ಬಂದಿದ್ದು ಔಷಧ ಇಲ್ಲದ ಗುಳಿಗೆ."

ಮೇಷ್ಟ್ರು ನಕ್ಕರು. ಆಮೇಲೆ ಅವಳು ನಗುತ್ತಿಲ್ಲವೆಂದು ಗೊತ್ತಾಗಿ ನಿಲ್ಲಿಸಿದರು. "ನಿಮ್ಮ ಕಂಪ್ಯೂಟರು ತಪ್ಪಿರಬೇಕು. ನನ್ನ ಬಾಯಿ ಕಹಿ ಆಗ್ತಿತ್ತಲ್ಲ?"

"ಆಗುತ್ತೆ ಸಾರ್. ಆಗುತ್ತೆ ಅಂತ ನಂಬಿದ್ರೆ ಆಗೇ ಆಗುತ್ತೆ. ನಿಮ್ಮೊಬ್ಬರಿಗೇ ಅಲ್ಲ."

ನಂಬಿಕೆಯಿಂದಾದ ಕಹಿ! ಈ ಮನುಷ್ಯ ಉಳಿದೆಲ್ಲವನ್ನೂ ಹಾಗೇ ಮಾಡಿಕೊಂಡದ್ದಲ್ಲವೇ ಎನಿಸಿ ಹೆಂಡತಿಗೆ ಒಂದು ಕ್ಷಣ ನಗುವೇ ಬಂದಿತ್ತು. ಮರುಕ್ಷಣ ಆ ಭಾನುವಾರ ನೆನಪಾಯಿತು. ಇಳಿದಿದ್ದ ನಡುಕವನ್ನು ಆಕೆ ತನ್ನ ಕೈಯಾರೆ ಮುಟ್ಟಿ ನೋಡಿದ್ದಳು.

"ನಮ್ಮ ಮೈದುನನಿಗೆ ಯಾವುದು ಬಂದಿತ್ತಮ್ಮಾ?"

"ಅದನ್ನ ಅವರಿಗೆ ಮಾತ್ರ ಹೇಳಬಹುದು. ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲ್ಲ. ಈಗ ಎಲ್ಲರಿಗೂ ನಿಜವಾದ್ದೇ ಕೊಡ್ತೀವಿ, ಆದ್ರೆ ಮಧ್ಯದಲ್ಲಿ ಬಿಟ್ಟವರು ಈ ವಾರದೊಳಗೆ ಬರಬೇಕು. ಆಮೇಲೆ ನನ್ನ ಕೈಲಿ ಏನೂ ಇರಲ್ಲ." ಅವಳು ಮೇಷ್ಟ್ರನ್ನು ಬಿಟ್ಟು ಆಕೆಯ ಕಡೆಗೇ ತಿರುಗಿದಳು. "ದಯವಿಟ್ಟು ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಮೇಷ್ಟ್ರು ಕಂಪ್ಯೂಟರನ್ನು ಬೈದರು, ಡಾಕ್ಟರಮ್ಮನ ವಯಸ್ಸನ್ನು ಬೈದರು, ನೆಲಮಾಳಿಗೆಯ ಯಂತ್ರವನ್ನೂ ಬಿಡಲಿಲ್ಲ. ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಿದಳು.

"ರೀ, ಸಾಕು ಮಾಡಿ. ಈಗ ನೆಟ್ಟಗೆ ಅಂಗಡಿಗೆ ಹೋಗೋದು. ನಿಮ್ಮದು ಸಕ್ಕರೆ ಅಂತ ನಿಮ್ಮ ಬಾಯಿಂದಲೇ ಅವನಿಗೆ ಹೇಳಬೇಕು."

"ಅದೆಲ್ಲ ಯಾಕೆ? ನಾನು ಬಾ ಅಂದ್ರೆ ಬರ್ತಾನೆ."

"ಅವನು ಹೋಗೋದು ಬಿಟ್ಟಿದ್ದೂ ನಿಮ್ಮ ಮಾತಿಗೇ."

ಗಂಡ ಹೇಳದಿದ್ದರೆ ತಾನೇ ಹೇಳುವುದೆಂದು ಆಕೆ ಗಟ್ಟಿಮಾಡಿಕೊಂಡಿದ್ದಳು. ಆದರೆ ಆ ಮಾತು ಆ ಬಾಯಿಂದಲೇ ಹೊರಬೀಳುವುದನ್ನು ನೋಡಬೇಕೆಂಬ ಆಸೆಯೂ ಇತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಹೆಚ್ಚೇನೂ ಆಸೆಪಟ್ಟವಳಲ್ಲ.

ಅಂಗಡಿಯಲ್ಲಿ ತಮ್ಮನು ಮೇಜಿನ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಕೂತಿದ್ದ. ಬಿದ್ದ ಸ್ಕ್ರೂ ಉರುಳಿ ಹೋಗದಿರಲೆಂದು ಆ ಏರ್ಪಾಟು. ಚಿಮಟದ ತುದಿಯಲ್ಲಿದ್ದದ್ದು ಬಿತ್ತು. ಹೆಕ್ಕಿದ, ಮತ್ತೆ ಬಿತ್ತು. ಗೋಡೆಯ ತುಂಬ ಖಾಲಿ ಫ್ರೇಮುಗಳು, ಅವನ್ನು ಹಾಕಿ ನೋಡಲು ಒಬ್ಬ ಗಿರಾಕಿಯೂ ಇಲ್ಲ.

"ಏಳೋ, ಆಸ್ಪತ್ರೆಗೆ ಹೋಗೋಣ. ಔಷಧ ಕೊಡ್ತಾರಂತೆ," ಎಂದರು ಮೇಷ್ಟ್ರು, ಮೈದಾನದ ದನಿಯಲ್ಲಿ.

"ನಿಂಗೆ ಕೊಡ್ತಾರೆ. ನಂದು ಸಕ್ಕರೆ ಅಲ್ವಾ?"

"ಈಗ ಎಲ್ಲರಿಗೂ ಅಸಲಿನೇ ಅಂತೆ."

ತಮ್ಮ ತಲೆ ಎತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅಸಲಿ ತಿಂದು ಏನಾಗಬೇಕಣ್ಣಾ? ನೀನು ಇಷ್ಟು ದಿನ ತಿಂದ್ಯಲ್ಲ. ನಿನ್ನ ಕೈ ನೋಡ್ಕೋ."

ಮೇಷ್ಟ್ರ ಕೈ ಗಾಜಿನ ಮೇಜಿನ ಅಂಚಿನ ಮೇಲಿತ್ತು. ಅದರ ನಡುಕಕ್ಕೆ ಒಳಗಿನ ಫ್ರೇಮುಗಳು ಸಣ್ಣಗೆ ಕಟಕಟ ಅನ್ನುತ್ತಿದ್ದವು. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಭ್ಯಾಸಬಲದಿಂದ ಕೊರಳ ಸೀಟಿಯನ್ನು ಮುಟ್ಟಿಕೊಂಡರು. ಹೆಂಡತಿ ಅವರನ್ನೇ ನೋಡುತ್ತ ನಿಂತಳು, ಸಹಾಯಕ್ಕೆ ಹೋಗಲಿಲ್ಲ.

"ನಂದು ಸಕ್ಕರೆ ಕಣೋ," ಎಂದರು ಕೊನೆಗೆ, ಗೋಡೆಯ ಫ್ರೇಮುಗಳ ಕಡೆ ತಿರುಗಿ. "ಇಷ್ಟು ದಿನ ನಾನು ತಿಂದಿದ್ದು ಸಕ್ಕರೆ. ಈಗ ತಾನೆ ಹೇಳಿದ್ರು."

ತಮ್ಮನ ತುಟಿಯಲ್ಲಿ ನಗುವಿನಂಥದ್ದೇನೋ ಸುಳಿಯಿತು. ಏನಪ್ಪಾ ಸಕ್ಕರೆ ಎಂದು ಅವನೂ ಒಂದು ಸಲ ಕರೆದುಬಿಡಬಹುದಿತ್ತು. ಆದರೆ ನಗು ಅರ್ಧಕ್ಕೇ ನಿಂತಿತು. ಅವನು ಬಿಳಿ ಟವೆಲ್ಲಿನ ಮೇಲಿದ್ದ ಸ್ಕ್ರೂವನ್ನು ನೋಡಿದ, ತನ್ನ ಕೈಯನ್ನು ನೋಡಿದ.

"ಹಾಗಾದ್ರೆ ನಂದು?"

ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು.

"ಗೊತ್ತಿಲ್ಲ," ಎಂದರು.

ಹೆಂಡತಿಗೆ ಮೈ ಉರಿದುಹೋಯಿತು. ಗೊತ್ತಿಲ್ಲದ್ದನ್ನೆಲ್ಲ ಗೊತ್ತು ಗೊತ್ತು ಎಂದು ಮೆರೆದ ಮನುಷ್ಯ, ತಮ್ಮನ ನಡುಕ ಇಳಿದದ್ದರಿಂದಲೇ ಚೆನ್ನಾಗಿ ಗೊತ್ತಿದ್ದ ಈ ಒಂದೇ ಒಂದು ಸಂಗತಿಗೆ ಆ ಮಾತನ್ನು ಕಲಿತಿದ್ದರು.

ತಮ್ಮನು ತಲೆಯೆತ್ತಿ ಅಣ್ಣನ ಮುಖ ನೋಡಿದ. "ನಿನ್ನ ಬಾಯಲ್ಲಿ ಈ ಮಾತು ಇವತ್ತೇ ಕೇಳಿದ್ದು," ಎಂದ. ಚಿಮಟ ಕೆಳಗಿಟ್ಟು ಎದ್ದ.

"ಅತ್ತಿಗೆ, ಆಸ್ಪತ್ರೆ ಎಷ್ಟು ಹೊತ್ತಿನ ತನಕ ತೆಗೆದಿರುತ್ತೆ?"

"ಈಗ ಹೊರಟ್ರೆ ಸಿಗ್ತಾರೆ ಕಣಪ್ಪಾ."

ಮೂವರೂ ಹೊರಗೆ ಬಂದರು. ಶಟರ್ ಎಳೆಯಲು ಅವನಿಗೆ ಎರಡೂ ಕೈ ಬೇಕಾದವು, ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಮೇಷ್ಟ್ರು ಕೈ ಹಾಕಲು ಮುಂದೆ ಬಂದರು.

"ನೀನು ಬಿಡು," ಎಂದ ತಮ್ಮ.