ಮೇಷ್ಟ್ರಿಗೆ ತಿಳಿಯದಂತೆ ತಿದ್ದಿದ ಬೋರ್ಡು

2019ರಲ್ಲಿ ನಾನು ಹೊಳಲ್ಕೆರೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನೇತ್ರಾಧಿಕಾರಿಯಾಗಿದ್ದೆ. ಹೆಸರು ದೊಡ್ಡದು. ಕೆಲಸ ಮಾತ್ರ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆಯುವುದು, ಪೊರೆ ಬಂದವರನ್ನು ಚಿತ್ರದುರ್ಗಕ್ಕೆ ಆಪರೇಷನ್ನಿಗೆ ಕಳಿಸುವುದು. ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೂ ಹೋಗಿ ಮಕ್ಕಳ ಕಣ್ಣು ನೋಡಬೇಕಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆಗ ಅದನ್ನು ಆಸ್ಪತ್ರೆಯವರು ಅನುಭವಿಸುತ್ತಿದ್ದರು, ನಿವೃತ್ತಿಯಾದ ಮೇಲೆ ಮನೆಯವರ ಪಾಲಿಗೆ ಬಂದಿದೆ.

ಆ ವರ್ಷ ಜುಲೈನಲ್ಲಿ ಚಿಕ್ಕಜಾಜೂರಿನ ಆಚೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋದೆ. ಒಂದರಿಂದ ಐದನೇ ತರಗತಿವರೆಗೆ ಇಪ್ಪತ್ತೊಂದು ಮಕ್ಕಳು, ಒಬ್ಬರೇ ಮೇಷ್ಟ್ರು. ಅವರ ಹೆಸರು ತಿಪ್ಪೇಸ್ವಾಮಿ, ವಯಸ್ಸು ಐವತ್ತನಾಲ್ಕು, ವಾಸ ಅದೇ ಊರಿನಲ್ಲಿ. ಬಾಗಿಲಿಗೆ ಬಂದವರೇ ನನ್ನನ್ನು ಬಿಟ್ಟು ನನ್ನ ಜೊತೆ ಬಂದಿದ್ದ ಅಟೆಂಡರ್ ಹುಡುಗನಿಗೆ ಕೈಮುಗಿದು “ಬರ್ರಿ ಮೇಡಂ” ಎಂದರು. ಒಳಗೆ ಹೋಗುವಾಗ ಮೆಟ್ಟಿಲು ಎಡವಿದರು. ಬೋರ್ಡು ನೋಡಿದರೆ ಅಕ್ಷರಗಳು ಸಾಲು ಬಿಟ್ಟು ಮೇಲಕ್ಕೆ ಹತ್ತಿದ್ದವು, ಒಂದು ವಾಕ್ಯದ ಮೇಲೆ ಇನ್ನೊಂದು ವಾಕ್ಯ ಕೂತಿತ್ತು.

ಬೆಳಗ್ಗೆ ಹನ್ನೊಂದಕ್ಕೇ ಕುಡಿದು ಬಂದಿದ್ದಾನೆ ಎಂದುಕೊಂಡೆ. ವಾಸನೆ ಇರಲಿಲ್ಲ, ಆದರೂ ಹಾಗೇ ಅಂದುಕೊಂಡೆ. ಕೆಲಸ ಮುಗಿಯಲಿ, ಸಂದರ್ಶಕರ ಪುಸ್ತಕದಲ್ಲಿ ಬರೆದು ಶಿಕ್ಷಣಾಧಿಕಾರಿಗೂ ಫೋನ್ ಮಾಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಚಾರ್ಟ್ ತೂಗುಹಾಕಿದೆ. ಸಾಲುಸಾಲಾಗಿ ಚಿಕ್ಕದಾಗುತ್ತಾ ಹೋಗುವ ಇಂಗ್ಲಿಷಿನ ಇ ಅಕ್ಷರಗಳ ಹಾಳೆ ಅದು. ಆರು ಮೀಟರ್ ದೂರದಿಂದ ಅಕ್ಷರದ ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಶುರು ಮಾಡುವ ಮೊದಲೇ ಮೇಷ್ಟ್ರು ಮೂವರ ಹೆಸರು ಹೇಳಿ, ಇವರನ್ನು ಚೆನ್ನಾಗಿ ನೋಡಿ ಎಂದಿದ್ದರು. ನನ್ನ ಕೆಲಸ ನನಗೆ ಹೇಳಿಕೊಡಲು ಬಂದರು ಎಂದು ಇನ್ನಷ್ಟು ಉರಿಯಿತು. ಇಪ್ಪತ್ತೊಂದು ಮಕ್ಕಳನ್ನೂ ನೋಡಿ ಮುಗಿಸಿದಾಗ ಕನ್ನಡಕ ಬೇಕಾದವರು ಸರಿಯಾಗಿ ಆ ಮೂವರೇ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಓದೋದ್ರಾಗೆ ಗೊತ್ತಾಗ್ತೈತೆ ಮೇಡಂ. ಪುಸ್ತಕ ಗಟ್ಟಿಯಾಗಿ ಓದೋರು ಬೋರ್ಡ್ ಓದುವಾಗ ಪಕ್ಕದೋರ ದನಿ ಹಿಂದೆ ಹೋಗ್ತಾರೆ” ಎಂದರು.

ಕುಡುಕನ ಮಾತು ಹೀಗಿರುವುದಿಲ್ಲವಲ್ಲ ಎಂದು ಅನುಮಾನ ಬಂತು. ಬಿಸಿಯೂಟಕ್ಕೆ ಎಲ್ಲರೂ ಹೊರಗೆ ಹೋದ ಮೇಲೆ ಚಾರ್ಟ್ ತೆಗೆದುಕೊಳ್ಳಲು ಒಳಗೆ ಹೋದೆ. ಐದನೇ ತರಗತಿಯ ಚೈತ್ರಾ ಎಂಬ ಹುಡುಗಿ ಬೆಂಚಿನ ಮೇಲೆ ನಿಂತು, ಒಂದರ ಮೇಲೊಂದು ಬಿದ್ದಿದ್ದ ವಾಕ್ಯಗಳನ್ನು ಒರೆಸಿ ಬಿಡಿಬಿಡಿಯಾಗಿ ಬರೆಯುತ್ತಿದ್ದಳು. ಏನು ಮಾಡುತ್ತಿದ್ದೀಯೆ ಎಂದು ಗದರಿದೆ. ಚಿಕ್ಕವರಿಗೆ ಓದಲು ಬರಬೇಕಲ್ಲ, ಅದಕ್ಕೆ ದಿನಾ ಹೀಗೆ ಮಾಡುತ್ತೇನೆ, ನಾನು ಮೂರನೇ ತರಗತಿಯಲ್ಲಿದ್ದಾಗಿನಿಂದಲೂ ದೊಡ್ಡ ಮಕ್ಕಳು ಹೀಗೇ ಮಾಡುತ್ತಿದ್ದಾರೆ ಎಂದಳು. ಆಮೇಲೆ ಬೆಂಚಿನಿಂದಿಳಿದು ನನ್ನ ಹತ್ತಿರ ಬಂದಳು.

“ಮೇಷ್ಟ್ರಿಗೆ ಹೇಳಬ್ಯಾಡ್ರಿ ಮೇಡಂ. ನಾವು ತಿದ್ದೋದು ಅವ್ರಿಗೆ ಗೊತ್ತಿಲ್ಲ. ಗೊತ್ತಾದ್ರೆ ಬೇಜಾರ್ ಮಾಡ್ಕಂತಾರೆ.”

ನನಗೆ ನಾಚಿಕೆಯಾಯಿತು. ಎರಡು ಗಂಟೆ ಹೊತ್ತಿನಿಂದ ಅಲ್ಲೇ ಇದ್ದೆ, ಬೇರೆಯವರ ಕಣ್ಣು ನೋಡುವುದೇ ನನ್ನ ಕಸುಬು, ಆ ಮನುಷ್ಯನ ಕಣ್ಣಿನ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಮೇಷ್ಟ್ರನ್ನು ಕೋಣೆಗೆ ಕರೆದು, ಅವರು ಹಾಕಿದ್ದ ಕನ್ನಡಕ ತೆಗೆಸಿ ಟಾರ್ಚ್ ಹಾಕಿದೆ. ಬಲಗಣ್ಣಿನ ಪಾಪೆ ಹಾಲಿನಂತೆ ಬೆಳ್ಳಗಿತ್ತು, ಅಂದರೆ ಪೊರೆ ಪೂರ್ತಿ ಬಲಿತಿತ್ತು. ಎಡಗಣ್ಣಿನ ದೃಷ್ಟಿ ಎರಡು ಮೀಟರ್ ದೂರದಲ್ಲಿ ಬೆರಳು ಎಣಿಸುವಷ್ಟು ಮಾತ್ರ ಉಳಿದಿತ್ತು. ಬಲಿತ ಪೊರೆಯನ್ನು ಹಾಗೇ ಬಿಟ್ಟರೆ ಕಣ್ಣೊಳಗಿನ ಒತ್ತಡ ಏರಿ ನರವೇ ಹಾಳಾಗಬಹುದು. ಆಮೇಲೆ ಯಾವ ಆಪರೇಷನ್ನಿನಿಂದಲೂ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಇದನ್ನೆಲ್ಲ ಹೇಳಿ ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿ ಕೇಳಿದರು. ಪೊರೆ ಎಂದು ಅವರಿಗೂ ಗೊತ್ತಿತ್ತು. ಆಪರೇಷನ್ ಆದರೆ ಸೀಮೆಸುಣ್ಣದ ಧೂಳಿನಿಂದ ಮೂರು ವಾರವಾದರೂ ದೂರ ಇರಬೇಕು, ಅಷ್ಟು ದಿನ ಬೀಗ ಬಿದ್ದರೆ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಾರೆ, ಹತ್ತಿದವರು ಇಳಿಯುವುದಿಲ್ಲ, ಮಕ್ಕಳಿಲ್ಲದ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತಾರೆ ಎಂಬುದು ಅವರ ಭಯ. ವ್ಯಾನಿಗೆ ಕೊಡಲಾಗದ ಕೂಲಿಯವರ ಮಕ್ಕಳು ಆಗ ಎಲ್ಲಿಗೆ ಹೋಗಬೇಕು ಎಂದು ನನ್ನನ್ನೇ ಕೇಳಿದರು.

ಬೋರ್ಡಿನ ವಿಷಯ ನಾನು ಹೇಳಲಿಲ್ಲ. ಕಣ್ಣಿನ ವಿಷಯ ಮಾತ್ರ ಊರಿಗೇ ಹೇಳುತ್ತೇನೆ ಎಂದೆ. ಬೇಡ ಎಂದು ಅಂಗಲಾಚಿದರು, ನಾನು ಕೇಳಲಿಲ್ಲ. ಸಂಜೆ ಶಾಲೆಯ ಅಂಗಳದಲ್ಲೇ ಪೋಷಕರು ಸೇರಿದರು. ಶಾಲಾ ಸಮಿತಿಯ ಅಧ್ಯಕ್ಷ ರಂಗಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಳಿ ನೋಡಿಕೊಳ್ಳುವ ಕೆಲಸ. ನಾನು ಹೇಳಿದ್ದನ್ನೆಲ್ಲ ಕೇಳಿ ಮೇಷ್ಟ್ರ ಕಡೆ ತಿರುಗಿದ.

“ಇಷ್ಟು ದಿನ ನಮಗೊಂದು ಮಾತು ಹೇಳಬಾರ್ದಾಗಿತ್ತೇನ್ರಿ ಮೇಷ್ಟ್ರೇ? ಹೋಗಿ ಕಣ್ಣು ಮಾಡಿಸ್ಕಂಡು ಬರ್ರಿ. ನೀವು ಬರಾತನಕ ಒಂದು ಮಗೂನೂ ವ್ಯಾನ್ ಹತ್ತಲ್ಲ. ಇದು ನನ್ನ ಮಾತು.”

ಊರವರು ಆ ಮಾತು ಉಳಿಸಿಕೊಂಡರು. ಡಿ.ಇಡಿ. ಓದಿ ಮನೆಯಲ್ಲಿದ್ದ ಆ ಊರಿನ ಸೊಸೆಯೊಬ್ಬಳು ವಾರದಲ್ಲಿ ಮೂರು ದಿನ ಪಾಠ ಮಾಡಲು ಒಪ್ಪಿದಳು. ಉಳಿದ ಮೂರು ದಿನಕ್ಕೆ ಶಿಕ್ಷಣ ಇಲಾಖೆಯವರು ಪಕ್ಕದೂರಿನ ಶಿಕ್ಷಕರನ್ನು ನಿಯೋಜಿಸಿದರು. ಆಗಸ್ಟ್‌ನಲ್ಲಿ ಚಿತ್ರದುರ್ಗದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಬ್ಯಾಂಡೇಜ್ ಬಿಚ್ಚುವವರೆಗೂ ನನಗೆ ನೆಮ್ಮದಿ ಇರಲಿಲ್ಲ. ತಡವಾಗಿತ್ತು, ಆದರೆ ನರ ಉಳಿದಿತ್ತು.

ಮೇಷ್ಟ್ರು ಶಾಲೆಗೆ ಮರಳಿದ ದಿನ ನಾನೂ ಹೋಗಿದ್ದೆ. ಇಪ್ಪತ್ತೊಂದು ಮಕ್ಕಳೂ ಎದ್ದು ನಿಂತರು. ದೊಡ್ಡವರನ್ನು ಹೆಸರು ಹಿಡಿದು ಮಾತಾಡಿಸಿದ ಮೇಷ್ಟ್ರು ಮುಂದಿನ ಸಾಲಿಗೆ ಬಂದು ನಿಂತುಬಿಟ್ಟರು. ಒಂದನೇ, ಎರಡನೇ ತರಗತಿಯ ಮಕ್ಕಳ ಮುಖ ಅವರಿಗೆ ಗೊತ್ತೇ ಇರಲಿಲ್ಲ. ಒಂದು ಪುಟ್ಟ ಹುಡುಗಿಯ ಗಲ್ಲ ಹಿಡಿದು “ನೀನು ಯಾರವ್ವ?” ಎಂದು ಕೇಳಿದರು. “ನಾನು ಸಾರ್, ಕಾವ್ಯ” ಎಂದಿತು ಮಗು. ಆ ದನಿಗೆ ಅಕ್ಷರ ಕಲಿಸಿದ್ದವರು ಅವರೇ. “ನೀನಾ ಕಾವ್ಯ” ಎಂದವರ ಕಣ್ಣಲ್ಲಿ ನೀರು ಬಂತು. ಅಳಬೇಡಿ, ಕಣ್ಣಿಗೆ ಒಳ್ಳೆಯದಲ್ಲ ಎಂದು ಗದರಿದೆ. ನಾನೇ ಅಳುತ್ತಿದ್ದೆ.

ನಮ್ಮ ತಪಾಸಣೆಯ ನಮೂನೆಯಲ್ಲಿ ಮಕ್ಕಳಿಗೆ ಮಾತ್ರ ಕಾಲಂ ಇತ್ತು. ಅಲ್ಲಿಂದ ನಿವೃತ್ತಿಯಾಗುವವರೆಗೂ ನಾನು ಯಾವ ಶಾಲೆಗೆ ಹೋದರೂ ಹಾಳೆಯ ಕೆಳಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಮೇಷ್ಟ್ರು, ಮೇಡಂಗಳ ಹೆಸರನ್ನೂ ಬರೆದು ಅವರನ್ನೂ ಚಾರ್ಟ್ ಮುಂದೆ ನಿಲ್ಲಿಸಿದೆ. ಶಿಕ್ಷಕರ ದಿನ ಬಂದರೆ ಹಾರ ಹಾಕುತ್ತೇವೆ, ಭಾಷಣ ಮಾಡುತ್ತೇವೆ. ಆರೋಗ್ಯವಾಗಿದ್ದೀರಾ ಎಂದು ಮಾತ್ರ ಕೇಳುವುದಿಲ್ಲ. ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವಳು. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದರು. ನಾವೆಲ್ಲ ಹಿಂದೆ ಕೂತು ಹಾಗೇ ಮಾಡಿ ತೋರಿಸಿ ನಗುತ್ತಿದ್ದೆವು.