ಗಡಿ ದಾಟಿದ ಶಿಕ್ಷೆ

ಸಿಡ್ನಿಯ ಪ್ಯಾರಮಟ್ಟಾದಿಂದ ನಾವು ಹೊರಟ ಬೆಳಿಗ್ಗೆ ಚಳಿ ಹದವಾಗಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಏಪ್ರಿಲ್‌ನಲ್ಲಿ ನಮ್ಮ ಮೈಸೂರು ಬಿಸಿಲಿಗೆ ಬೇಯುವಾಗ ಅಲ್ಲಿ ಎಲೆ ಉದುರುವ ಕಾಲ. ಮೆಲ್ಬರ್ನ್‌ಗೆ ಸುಮಾರು ಒಂಬೈನೂರು ಕಿಲೋಮೀಟರ್. ವಿಮಾನದ ದರ ಕೇಳಿಯೇ ನಾನು ಬೆಚ್ಚಿಬಿದ್ದಿದ್ದರಿಂದ ಬಸ್ಸು ಹಿಡಿದೆವು. ಪಕ್ಕದಲ್ಲಿ ತಂಗಿಯ ಮಗಳು ವಸುಧಾ. ಅವಳೊಂದಿಗೆ ಅವಳ ಶಿಕ್ಷೆಯೂ ಪ್ರಯಾಣ ಹೊರಟಿತ್ತು.

ಹಿಂದಿನ ಬೇಸಿಗೆಯಲ್ಲಿ ಅವಳ ಕಾರು ಬಡಿದು ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರ ಕಾಲು ಮುರಿದಿತ್ತು. ಸಿಡ್ನಿಯ ನ್ಯಾಯಾಲಯ ಜೈಲಿಗೆ ಕಳಿಸದೆ, ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿರಲು ಹೇಳಿತು. ಅಷ್ಟರಲ್ಲಿ ಅವಳ ಗಂಡ ರಘುವಿಗೆ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್ ಬಳಿಯ ಡ್ಯಾಂಡಿನಾಂಗ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಪುಟ್ಟ ಮಗಳು ಅನುವನ್ನು ಕರೆದುಕೊಂಡು ಅವನು ಮೊದಲು ಹೋದ. ಇವಳು ಮುಂದಿನ ವಾರ ಹೋಗುವುದೆಂದು ಮಾತಾಗಿತ್ತು. ಒಂದೇ ದೇಶ ತಾನೇ ಎಂದುಕೊಂಡಿದ್ದರು, ಎಡವಿದ್ದು ಅಲ್ಲೇ.

"ಅದು ಬೇರೆ ಸ್ಟೇಟ್ ಮಾಮ, ಲಾ ಕೂಡ ಬೇರೆ. ವಿಕ್ಟೋರಿಯಾದ ಪ್ರೊಬೇಷನ್‌ನವ್ರು ನನ್ನ ಆಕ್ಸೆಪ್ಟ್ ಮಾಡಿದ್ರೆ ಸರಿ. ಇಲ್ದಿದ್ರೆ ವರ್ಷ ಮುಗಿಯೋವರೆಗೂ ನಾನೊಬ್ಳೇ ಸಿಡ್ನಿನಲ್ಲಿ," ಎಂದಳು ವಸುಧಾ.

ನಾನು ಜೈಲು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ನಮ್ಮಲ್ಲಿ ಜೈಲು ರಾಜ್ಯದ್ದಾದರೂ ದಂಡ ಸಂಹಿತೆ ದೇಶದ್ದು. ಬೆಳಗಾವಿಯಲ್ಲಿ ಕದ್ದರೂ ಕೊಲ್ಹಾಪುರದಲ್ಲಿ ಕದ್ದರೂ ಒಂದೇ ಸೆಕ್ಷನ್. ಇಲ್ಲಿ ಒಂದೊಂದು ರಾಜ್ಯವೂ ಶಿಕ್ಷೆಯ ವಿಷಯದಲ್ಲಿ ತಾನೇ ಒಂದು ಪುಟ್ಟ ದೇಶ.

ಆಲ್ಬರಿಯಲ್ಲಿ ಬಸ್ಸು ಊಟಕ್ಕೆ ನಿಂತಿತು. ಮುಂದೆ ಮರ್ರೆ ನದಿ, ಆಚೆ ವಿಕ್ಟೋರಿಯಾ. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ನಾನು ಮೊಸರನ್ನದ ಡಬ್ಬಿ ಬಿಚ್ಚಿದೆ. ವಸುಧಾ ಒಂದು ತುತ್ತೂ ಮುಟ್ಟಲಿಲ್ಲ.

ಮರುದಿನ ಡ್ಯಾಂಡಿನಾಂಗ್‌ನ ಪ್ರೊಬೇಷನ್ ಕಚೇರಿಗೆ ಹೋದೆವು. ಅಧಿಕಾರಿ ಹೆಲೆನ್ ಎಂಬ ನಡುವಯಸ್ಸಿನ ಹೆಂಗಸು. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗುವುದು ನಮಗೆ ಗೊತ್ತಿಲ್ಲವಲ್ಲ! ನನ್ನ ಹುದ್ದೆ, ನಮ್ಮ ಮನೆತನ ಎಲ್ಲ ವಿವರಿಸಿ, ಊರಿನಿಂದ ತಂದಿದ್ದ ಮೈಸೂರು ಪಾಕಿನ ಡಬ್ಬಿಯನ್ನು ಮೇಜಿನ ಮೇಲೆ ಸರಿಸಿದೆ.

ವಸುಧಾಳ ಮುಖ ಬಿಳಿಚಿಕೊಂಡಿತು. "ಮಾಮ, ಪ್ಲೀಸ್ ತೆಗೀರಿ! ಲಂಚ ಅಂದ್ಕೋತಾರೆ. ಎಲ್ಲಾ ಹಾಳಾಗತ್ತೆ!"

ಹೆಲೆನ್ ಡಬ್ಬಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ನಾನು ತೆಗೆದುಕೊಳ್ಳುವ ಹಾಗಿಲ್ಲ. ಹೊರಗೆ ಕಾಯುತ್ತಿರುವವರು ತೆಗೆದುಕೊಳ್ಳಬಹುದು," ಎಂದು ನಕ್ಕಳು. ಬದುಕಿದೆ ಎಂದುಕೊಂಡು ಹೊರಗೆ ಹೋಗಿ ಹಂಚಿದೆ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವನೊಬ್ಬ ಎರಡು ಸಲ ಕೈ ಚಾಚಿದ.

ಒಂದು ದೇಶಕ್ಕೆ ಇಷ್ಟೊಂದು ಕಾನೂನು ಯಾಕೆ ಎಂದು ಹಿಂದಿರುಗಿ ಕೇಳಿಯೇಬಿಟ್ಟೆ. ಹೆಲೆನ್ ಬೇಸರಿಸಲಿಲ್ಲ. "ನಮ್ಮದು ಸಣ್ಣ ಸರ್ಕಾರ. ಚುನಾವಣೆ ಬಂದರೆ ಅಪರಾಧಿಗಳ ಮೇಲೆ ಯಾರು ಹೆಚ್ಚು ಬಿಗಿ ಎಂದು ಪೈಪೋಟಿ. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಸಿಟ್ಟು ಮಧ್ಯಾಹ್ನ ನನ್ನ ಮೇಜಿಗೆ ಬರುತ್ತದೆ. ಸಣ್ಣದಾಗಿರುವುದರಿಂದಲೇ ಒಂದು ಅನುಕೂಲವೂ ಇದೆ. ಇವಳ ಮನೆ ನೋಡಿ ನಾನೇ ತೀರ್ಮಾನಿಸಬಹುದು."

ಸಂಜೆ ಹೆಲೆನ್ ನಿಜವಾಗಿಯೂ ಮನೆಗೆ ಬಂದಳು. ರಘು ಗಾಬರಿಯಲ್ಲಿ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತ. ಯಾರು ಎಲ್ಲಿ ಮಲಗುತ್ತೀರಿ ಎಂದು ಹೆಲೆನ್ ಅನುವನ್ನು ಕೇಳಿದಳು. ಮಗು ಅವಳ ಕೈಹಿಡಿದು ಕೋಣೆಗೆ ಕರೆದೊಯ್ದು, ಮಡಿಸಿಟ್ಟ ಹೊದಿಕೆಯೊಂದನ್ನು ತೋರಿಸಿ, "ದಿಸ್ ಈಸ್ ಅಮ್ಮಾಸ್ ಸೈಡ್. ಡೋಂಟ್ ಸಿಟ್," ಎಂದಿತು.

ಹೆಲೆನ್ ವಸುಧಾಳ ಕಡೆ ತಿರುಗಿ, "ಸೋಮವಾರದಿಂದ ನನ್ನ ಕಚೇರಿಗೆ ಬಾ. ಸಿಡ್ನಿಗೆ ನಾನು ಬರೆಯುತ್ತೇನೆ," ಎಂದಳು. ವಸುಧಾ ಅನುವನ್ನು ಅಪ್ಪಿಕೊಂಡು ಅತ್ತಳು. ನಾನು ಆ ಹೆಂಗಸಿಗೆ ಕೈಮುಗಿದೆ. ಆ ಋಣ ಇವತ್ತಿಗೂ ನನ್ನ ಮೇಲಿದೆ.

ಎರಡು ದಿನ ಬಿಟ್ಟು ಒಬ್ಬನೇ ಸಿಡ್ನಿಗೆ ವಾಪಸು ಹೊರಟೆ. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಮಗಳನ್ನು ಸೊಂಟಕ್ಕೇರಿಸಿಕೊಂಡು ವಸುಧಾ ಕೈಬೀಸುತ್ತಿದ್ದಳು. ಸರ್ವೀಸಿನಲ್ಲಿ ಎಷ್ಟೋ ಜನರನ್ನು ಬಿಡುಗಡೆಯ ದಿನ ಗೇಟಿನವರೆಗೆ ಬಿಟ್ಟು ಬಂದಿದ್ದೆ. ಮನೆಯವರೆಗೆ ತಲುಪಿಸಿದ್ದು ಅದೇ ಮೊದಲು.