ಗೌರಿಯ ಬಾಯಿಕುಕ್ಕೆ

ಇವತ್ತು ಹೊಳೆನರಸೀಪುರದ ಅಂಗಡಿಯೊಂದರಲ್ಲಿ ದನದ ಮೈಯ ಉಣ್ಣೆ ಸಾಯಿಸುವ ಔಷಧಿಯ ಬಾಟಲಿ ಸೋರುತ್ತಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಹಳೇಕೋಟೆಯ ನಮ್ಮ ಕೊಟ್ಟಿಗೆಯಲ್ಲಿದ್ದೆ.

ನಮ್ಮ ಹಸು ಗೌರಿಯ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣೆಗಳು ರಕ್ತ ಹೀರಿ ಹರಳುಬೀಜದಂತೆ ಊದಿಕೊಂಡಿದ್ದವು. ಅವ್ವ ಮೊದಲು, ಒಕ್ಕಣೆಯಲ್ಲಿ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯನ್ನು ಅದರ ಮೂತಿಗೆ ಬಿಗಿದಳು. ಆಮೇಲೆ ಔಷಧಿ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಒರೆಸಿದಳು.

"ಮೈ ಒಣಗೋಗಂಟ ಕುಕ್ಕೆ ಬಿಚ್ಬ್ಯಾಡ ಕಣಮ್ಮಿ," ಎಂದು ಹೇಳಿ ಕೈ ತೊಳೆಯಲು ಹೋದಳು.

ಯಾಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೌರಿ ನನ್ನನ್ನೇ ನೋಡುತ್ತಿತ್ತು. ಪಾಪ, ಬಾಯಾರಿರಬೇಕು ಎಂದು ಕುಕ್ಕೆ ಬಿಚ್ಚಿ ನೀರಿನ ಬಕೆಟ್ ಮುಂದಿಟ್ಟೆ. ಅದು ನೀರಿಗೆ ಬಾಯಿ ಹಾಕಲೇ ಇಲ್ಲ. ಕತ್ತು ತಿರುಗಿಸಿ ತನ್ನ ಒದ್ದೆ ಪಕ್ಕೆಯನ್ನೇ ನೆಕ್ಕತೊಡಗಿತು.

ಸ್ವಲ್ಪ ಹೊತ್ತಿಗೆಲ್ಲ ಬಾಯಿಂದ ಜೊಲ್ಲು ಇಳಿಯಿತು. ತೊಡೆ ನಡುಗಿ, ಹಸು ಮುಗ್ಗರಿಸಿ ಬಿತ್ತು. ಅಪ್ಪ ಸೈಕಲ್ ಹತ್ತಿದ. ಅವ್ವ ಕೊಡಗಟ್ಟಲೆ ನೀರು ಸುರಿದು ಮೈ ತೊಳೆದಳು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟವರೇ ಸಿಡುಕಿದರು.

"ಮೂತಿಗೆ ಕುಕ್ಕೆ ಕಟ್ಟಿರ್ಲಿಲ್ವೇನಮ್ಮ?"

ಕುಕ್ಕೆ ನನ್ನ ಬೆನ್ನ ಹಿಂದಿತ್ತು. ಅವ್ವ ಒಮ್ಮೆ ನನ್ನ ಮುಖ ನೋಡಿದಳು.

"ನಾನೇ ಮರ್ತ್ಬುಟ್ಟೆ ಸಾ."

ಸಂಜೆಗೆ ಗೌರಿ ಎದ್ದು ನಿಂತಿತು. ಅವ್ವ ಆ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಇವತ್ತು ತಂದ ಔಷಧಿಯನ್ನು ನಾಳೆ ನಮ್ಮ ಈಗಿನ ಹಸುವಿಗೆ ಹಚ್ಚಬೇಕು. ಕುಕ್ಕೆ ಯಾಕೆಂದು ಮಗಳಿಗೆ ಮೊದಲು ಹೇಳುತ್ತೇನೆ. ಕಟ್ಟುವುದು ಆಮೇಲೆ.